ಕುಟುಂಬದ ಭಾವಚಿತ್ರಕ್ಕೆ ಉಡುಪಿನ ಆಯ್ಕೆ

(ಮೇಲಿನ ತರಗತಿಗಳ ಬಾಲಕಿಯರಿಗಾಗಿ ಗೃಹಶಿಕ್ಷಣದ ಒಂದು ಪಾಠ)



ಮದುವೆ, ತೊಟ್ಟಿಲು, ಹೊಸ ಮನೆಯ ಪ್ರವೇಶ, ಅಜ್ಜನವರ ಎಂಭತ್ತನೆಯ ವರ್ಷ, ದೂರದ ಊರಿನಿಂದ ರಜೆಗೆ ಬಂದ ಅಣ್ಣ, ಹೀಗೆ ಯಾವದಾದರೊಂದು ಕಾರಣದಿಂದ ಮನೆಯವರೆಲ್ಲರೂ ಕೂಡಿದಾಗ, "ಒಂದು ಫೋಟೋ ತೆಗೆಯಿಸೋಣ" ಎಂಬ ಮಾತು ಬಂದೇ ಬರುವದು. ಅದರ ಬೆನ್ನಿಗೇ "ಏನು ಉಟ್ಟುಕೊಳ್ಳೋಣ?" ಎಂಬ ಪ್ರಶ್ನೆಯೂ ಏಳುವದು. ನಮ್ಮ ವಿದ್ಯಾರ್ಥಿನಿಯರು ಈ ಪ್ರಶ್ನೆಯನ್ನು ಹಲವು ಸಾರಿ ನಮ್ಮ ಬಳಿಗೆ ತಂದಿದ್ದಾರೆ. ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಉಟ್ಟ ಬಟ್ಟೆಯನ್ನು ಸಂಜೆಗೆ ಮಡಚಿ ಇಡುವೆವು. ಪಟದೊಳಗೆ ಉಟ್ಟದ್ದಾದರೋ ಐವತ್ತು ವರ್ಷ ಗೋಡೆಯ ಮೇಲೆ ಉಳಿಯುವದು. ಅಲ್ಲದೆ, ಈ ಆಯ್ಕೆಯಲ್ಲಿ ತಪ್ಪಿದರೆ ಪಟದ ಅಂದ ಮಾತ್ರವೇ ಕೆಡುವದೆಂದು ತಿಳಿಯಕೂಡದು. ಒಂದೊಂದು ಸಾರಿ ಬಟ್ಟೆಯ ದೆಸೆಯಿಂದ ಮನುಷ್ಯರೇ ಪಟದ ಹೊರಗೆ ಉಳಿದುಹೋಗುವರು. ಅದು ಹೇಗೆಂಬದನ್ನು ಪಾಠದ ನಡುವೆ ಹೇಳುವೆವು.

೧. ಭಾವಚಿತ್ರದ ಉದ್ದೇಶ

ಯಾವ ಕೆಲಸವನ್ನಾದರೂ ಕಲಿಯುವ ಮೊದಲು ಅದರ ಉದ್ದೇಶವನ್ನು ತಿಳಿಯತಕ್ಕದ್ದು. ಕುಟುಂಬದ ಭಾವಚಿತ್ರವು ಬಟ್ಟೆಯ ಅಂಗಡಿಯ ಪ್ರದರ್ಶನವಲ್ಲ. ಇಂಥವರು ಇಂಥವರಿಗೆ ಸೇರಿದವರು, ಇಂಥ ಕಾಲದಲ್ಲಿ ಹೀಗೆ ಇದ್ದರು ಎಂಬದನ್ನು ಮುಂದಿನವರಿಗೆ ತಿಳಿಸುವದೇ ಅದರ ಕೆಲಸ. ಆದುದರಿಂದ ಪಟದಲ್ಲಿ ಮೊದಲು ಕಾಣಬೇಕಾದದ್ದು ಮುಖ; ಎರಡನೆಯದಾಗಿ, ಯಾರು ಯಾರ ಮಗ್ಗುಲಲ್ಲಿ ಇದ್ದಾರೆಂಬದು; ಬಟ್ಟೆಯದು ಮೂರನೆಯ ಸ್ಥಾನ. ಪಟವನ್ನು ನೋಡಿದ ನೆರೆಯವರು "ಎಂಥ ಚೆಲುವಾದ ಸೀರೆ!" ಎಂದು ಮೊದಲು ಹೇಳಿದರೆ ನಮ್ಮ ಆಯ್ಕೆ ತಪ್ಪಿತೆಂದು ತಿಳಿಯಿರಿ. "ನಿನ್ನ ಮೂಗು ನಿಮ್ಮ ಅಜ್ಜಿಯ ಮೂಗಿನಂತೆಯೇ ಇದೆಯಲ್ಲ!" ಎಂದು ಹೇಳಿದರೆ ಆಯ್ಕೆ ಸರಿಯಾಯಿತು.

ಹಾಗಾದರೆ ಏನನ್ನು ಉಟ್ಟರೂ ಆದೀತೇ? ಆಗದು. ಉಡುಪೂ ಒಂದು ಸಾಕ್ಷಿಯೇ. ಅಜ್ಜನವರ ರುಮಾಲು, ಅಜ್ಜಿಯವರು ಕಚ್ಚೆ ಹಾಕಿ ಉಟ್ಟ ಇಲಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ತಂದೆಯವರ ಉದ್ಯೋಗದ ಉಡುಪು, ಇವೆಲ್ಲ ಆ ಮನೆಯ ನಿಜವಾದ ಚರಿತ್ರೆ. ಆ ದಿನಕ್ಕಾಗಿ ಸಾಲ ಮಾಡಿ ತಂದ ಜರತಾರಿಯಲ್ಲಾಗಲಿ, ಎರವಲು ತಂದ ಆಭರಣದಲ್ಲಾಗಲಿ ಆ ಚರಿತ್ರೆ ಇರುವದಿಲ್ಲ. ಮೊಮ್ಮಕ್ಕಳು ಅದನ್ನು ನೋಡಿ ಇಲ್ಲದ ಸಂಪತ್ತನ್ನು ಇತ್ತೆಂದು ನಂಬುವರು. ಶುಚಿಯಾದದ್ದು, ನಮ್ಮದೇ ಆದದ್ದು, ನಾವು ಉಟ್ಟು ರೂಢಿಯಾದದ್ದು, ಈ ಮೂರು ಗುಣಗಳುಳ್ಳ ಬಟ್ಟೆಯೇ ಉತ್ತಮವಾದದ್ದು.

೨. ಕ್ಯಾಮರಾ ಬಟ್ಟೆಯನ್ನು ಕಾಣುವ ಬಗೆ

ನಮ್ಮ ಕಣ್ಣು ಕಾಣುವಂತೆ ಕ್ಯಾಮರಾ ಕಾಣುವದಿಲ್ಲ. ಈ ಭೇದವನ್ನು ತಿಳಿಯಲು ಸ್ವಲ್ಪ ಪೂರ್ವಕಥೆ ಬೇಕು. ೧೮೩೯ರಲ್ಲಿ ದಾಗೇರ್ ಎಂಬವನ ವಿಧಾನವು ಪ್ಯಾರಿಸ್ ಪಟ್ಟಣದಲ್ಲಿ ಪ್ರಕಟವಾಯಿತು. ಅಂದಿನಿಂದ ಬಹುಕಾಲದವರೆಗೆ ಛಾಯಾಚಿತ್ರದ ಫಲಕಗಳು ನೀಲಿ ಬೆಳಕನ್ನು ಬೇಗನೆ ಹಿಡಿಯುತ್ತಿದ್ದವು. ಕೆಂಪು ಬೆಳಕಿಗೆ ಹೆಚ್ಚು ಕಡಿಮೆ ಕುರುಡಾಗಿದ್ದವು. ಆದಕಾರಣ ನೀಲಿಯ ಆಕಾಶವು ಬಿಳುಪಾಗಿಯೂ ಹಣೆಯ ಕುಂಕುಮವು ಕಪ್ಪಾಗಿಯೂ ಮೂಡುತ್ತಿದ್ದವು. ೧೮೭೩ರಲ್ಲಿ ಹರ್ಮನ್ ಫೋಗೆಲ್ ಎಂಬ ಜರ್ಮನ್ ವಿದ್ವಾಂಸನು, ಫಲಕಕ್ಕೆ ತಕ್ಕ ಬಣ್ಣವನ್ನು ಸೇರಿಸಿದರೆ ಅದು ಹಸಿರು ಹಳದಿಗಳನ್ನೂ ಹಿಡಿಯುವದೆಂದು ಕಂಡುಹಿಡಿದನು. ೧೯೦೬ರಲ್ಲಿ ಕೆಂಪನ್ನೂ ಗ್ರಹಿಸುವ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದವು. ಆದರೆ ಹಳೆಯ ತರಹದವುಗಳ ಬಳಕೆಯು ಇನ್ನೂ ಬಹು ವರ್ಷ ನಿಲ್ಲಲಿಲ್ಲ. ಆದುದರಿಂದ ನಿಮ್ಮ ಮುತ್ತಜ್ಜಿಯವರ ಪಟದಲ್ಲಿ ಸೆರಗು ಕಪ್ಪಾಗಿ ಕಂಡರೆ, ಅದು ಕಪ್ಪೇ ಆಗಿತ್ತೆಂದು ತೀರ್ಮಾನಿಸಬೇಡಿರಿ. ಅದು ಇಲಕಲ್ ಸೀರೆಯ ಕೆಂಪು ರೇಷ್ಮೆಯ ಸೆರಗೇ ಆಗಿದ್ದಿರಬಹುದು.

ಈಗಿನ ಕ್ಯಾಮರಾಗಳು ಎಲ್ಲ ಬಣ್ಣಗಳನ್ನೂ ಕಾಣಬಲ್ಲವು. ಆದರೂ ಅವುಗಳಿಗೆ ನಾಲ್ಕು ತೊಡಕುಗಳುಂಟು.

ಮೊದಲನೆಯದು ಬಿಳುಪು ಕಪ್ಪುಗಳದು. ತಾನಾಗಿಯೇ ಬೆಳಕನ್ನು ಅಳೆಯುವ ಕ್ಯಾಮರಾವು, ಎದುರಿಗಿರುವದನ್ನೆಲ್ಲ ಒಟ್ಟುಗೂಡಿಸಿ ನಡುಮಟ್ಟದ ಬೂದಿಬಣ್ಣಕ್ಕೆ ತರಲು ಹವಣಿಸುವದು. ಎಲ್ಲರೂ ಅಚ್ಚ ಬಿಳಿಯನ್ನು ಉಟ್ಟು ನಿಂತರೆ ಅದು ಬೆಳಕನ್ನು ತಗ್ಗಿಸುವದು. ಆಗ ಮುಖಗಳು ಮಂಕಾಗುವವು. ಎಲ್ಲರೂ ಕಪ್ಪನ್ನು ಉಟ್ಟರೆ ಬೆಳಕನ್ನು ಏರಿಸುವದು, ಮುಖಗಳು ಬಿಳಿಚಿಕೊಳ್ಳುವವು. ಮುಖವನ್ನೇ ಗುರುತಿಸಿ ಅಳೆಯುವ ಹೊಸ ಕ್ಯಾಮರಾಗಳಲ್ಲಿ ಈ ದೋಷ ಕಡಿಮೆ, ಇಲ್ಲವೆಂತಲ್ಲ. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುವೆವು. ಮಕ್ಕಳಲ್ಲಿ ಒಬ್ಬಳ ಮೈಬಣ್ಣ ಕಪ್ಪಾಗಿದ್ದರೆ, ಅವಳ ಮುಖಕ್ಕೆ ಪೌಡರು ಬಳಿದು, "ನಿನಗೆ ಈ ಬಣ್ಣ ಒಪ್ಪುವದಿಲ್ಲ, ಆ ಬಣ್ಣ ಒಪ್ಪುವದಿಲ್ಲ" ಎಂದು ಅವಳನ್ನು ಕುಗ್ಗಿಸುವ ವಾಡಿಕೆ ಕೆಲವು ಮನೆಗಳಲ್ಲಿ ಉಂಟು. ಇದು ಅಜ್ಞಾನ. ಪಟದಲ್ಲಿ ಅವಳ ಮುಖ ಕಾಣದೆ ಹೋದರೆ ತಪ್ಪು ಅವಳ ಬಣ್ಣದ್ದಲ್ಲ. ಬೆಳಕನ್ನು ಅಳೆದ ಬಗೆಯದು. "ಅವಳ ಮುಖವನ್ನು ನೋಡಿ ಬೆಳಕನ್ನು ಅಳೆಯಿರಿ" ಎಂದು ಛಾಯಾಚಿತ್ರಗಾರರಿಗೆ ಹೇಳಿರಿ. ಅವಳ ಪಕ್ಕದವರಿಗೆ ಅಚ್ಚ ಬಿಳಿಯ ಬದಲಿಗೆ ಕೆನೆಬಣ್ಣವನ್ನೋ ತಿಳಿಯಾದ ಬೇರೊಂದು ಬಣ್ಣವನ್ನೋ ಉಡಿಸಿರಿ. ಇಷ್ಟೇ ಸಾಕು.

ಎರಡನೆಯ ತೊಡಕು ಸಣ್ಣ ಗೆರೆಗಳದು. ಎರಡು ಪದರಾಗಿ ಮಡಚಿದ ಸೊಳ್ಳೆಪರದೆಯ ಮೂಲಕ ನೋಡಿದಾಗ, ಬಟ್ಟೆಯಲ್ಲಿ ಇಲ್ಲದ ಅಲೆಅಲೆಯಾದ ಪಟ್ಟೆಗಳು ಕಾಣುವದನ್ನು ನೀವು ಬಲ್ಲಿರಿ. ಕ್ಯಾಮರಾದ ಒಳಗೂ ಬೆಳಕನ್ನು ಹಿಡಿಯುವ ಸೂಕ್ಷ್ಮ ಕೋಶಗಳ ಸಾಲುಗಳಿರುವವು. ಅಂಗಿಯ ಅತಿ ಸಣ್ಣ ಗೆರೆ ಅಥವಾ ಚೌಕುಳಿಗಳು ಆ ಸಾಲುಗಳ ಅಳತೆಗೆ ಹತ್ತಿರವಾದರೆ, ಇಂಥವೇ ಸುಳ್ಳು ಅಲೆಗಳು ಪಟದಲ್ಲಿ ಮೂಡುವವು. ಆದುದರಿಂದ ಕೂದಲೆಳೆಯಂಥ ಗೆರೆಗಳ ಅಂಗಿಯನ್ನು ಬಿಟ್ಟು, ಒಂದೇ ಬಣ್ಣದ್ದನ್ನೋ ದೊಡ್ಡ ಚೌಕುಳಿಯದನ್ನೋ ಆರಿಸುವದು ಲೇಸು.

ಮೂರನೆಯದು, ಬಟ್ಟೆಯ ಬಣ್ಣವು ಮುಖಕ್ಕೆ ತಗಲುವದು. ಹೊಳೆಯುವ ಗಿಳಿಹಸಿರನ್ನು ಉಟ್ಟವರ ಗದ್ದದ ಕೆಳಗೆ ಹಸಿರು ಛಾಯೆ ಬಿದ್ದು, ಅವರು ಕಾಯಿಲೆಯಿಂದ ಎದ್ದವರಂತೆ ತೋರುವರು. ಕುತ್ತಿಗೆಗೆ ಹತ್ತಿರವಾಗಿ ಕಣ್ಣು ಕುಕ್ಕುವ ಬಣ್ಣವನ್ನು ಇಡಕೂಡದು. ಅದು ದಡಿಯಲ್ಲಿದ್ದರೆ ಬಾಧಕವಿಲ್ಲ.

ನಾಲ್ಕನೆಯದು ಹೊಳಪು. ಜರಿಯ ಅಗಲವಾದ ಸೆರಗು, ಕನ್ನಡಿಯ ಕಸೂತಿ, ಮಿರುಗುವ ನಕಲಿ ರೇಷ್ಮೆ, ಇವು ಮಿಂಚುದೀಪದ ಬೆಳಕನ್ನು ತಿರುಗಿ ಕ್ಯಾಮರಾಕ್ಕೇ ಎಸೆಯುವವು. ಆ ಜಾಗದಲ್ಲಿ ಬಟ್ಟೆಯೂ ಕಾಣದೆ ಬಿಳಿಯ ಮಚ್ಚೆ ಉಳಿಯುವದು. ನೂಲಿನ ಬಟ್ಟೆ, ಕೈಮಗ್ಗದ ಬಟ್ಟೆ, ಮೆತ್ತಗಿನ ರೇಷ್ಮೆಗಳು ಬೆಳಕನ್ನು ಸೌಮ್ಯವಾಗಿ ತೋರಿಸುವವು. ಬಡವರ ಪೆಟ್ಟಿಗೆಯಲ್ಲಿಯೂ ದೊರಕುವ ನೂಲಿನ ಬಟ್ಟೆಯೇ ಪಟಕ್ಕೆ ಒಳ್ಳೆಯದೆಂಬದು ಸಂತೋಷದ ಸಂಗತಿ.

೩. ಒಂದೇ ಬಣ್ಣವೋ, ಹೊಂದುವ ಬಣ್ಣವೋ?

ಮನೆಯವರೆಲ್ಲರೂ ಒಂದೇ ಬಣ್ಣದ, ಒಂದೇ ತಾನಿನ ಬಟ್ಟೆಯನ್ನು ತೊಡುವ ರೂಢಿ ಈಗ ಹೆಚ್ಚಾಗಿದೆ. ಅದರಲ್ಲಿ ಒಂದು ಸೊಗಸುಂಟು. ಆದರೆ ಎರಡು ದೋಷಗಳೂ ಉಂಟು. ಎಲ್ಲ ಮೈಗಳೂ ಒಂದಾಗಿ ಬೆರೆತು ಒಂದೇ ಬಣ್ಣದ ಗೋಡೆಯಂತೆ ಕಾಣುವವು. ಮುಖಗಳು ಗೋಡೆಗೆ ಮೆತ್ತಿದಂತೆ ತೋರುವವು. ಅಲ್ಲದೆ, ಆ ಬಣ್ಣದ ಬಟ್ಟೆಯನ್ನು ಹೊಸದಾಗಿ ಕೊಳ್ಳಲಾರದವರು ಹಿಂದೆ ಸರಿಯಬೇಕಾಗುವದು.

ಬೇರೆ ಬೇರೆ ಬಟ್ಟೆಗಳೂ ಒಂದೇ ಚಿತ್ರದಲ್ಲಿ ಹೊಂದಿ ಕೂಡಬಲ್ಲವೆಂಬದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉದಾಹರಣೆ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ, ರಾಜಾ ರವಿವರ್ಮನು ೧೮೮೯ರ ಸುಮಾರಿಗೆ ಬರೆದ ಗಾಯಕಿಯರ ಚಿತ್ರವುಂಟು. ಅದರಲ್ಲಿ ಹನ್ನೊಂದು ಮಂದಿ ಸ್ತ್ರೀಯರು ಇದ್ದಾರೆ. ಭಾರತದ ಬೇರೆ ಬೇರೆ ಪ್ರಾಂತಗಳವರಾದ ಅವರು ತಮ್ಮ ತಮ್ಮ ಕಡೆಯ ಉಡುಪನ್ನೇ ಉಟ್ಟಿದ್ದಾರೆ. ಹಾಗಿದ್ದರೂ ಚಿತ್ರವು ಸಂತೆಯಂತೆ ಕಾಣದೆ ಒಂದು ಕೂಟದಂತೆ ಕಾಣುವದು. ಪ್ರವಾಸಕ್ಕೆ ಹೋದಾಗ ಅದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿರಿ.

ಮನೆಯ ಪಟಕ್ಕೂ ಈ ನೀತಿಯೇ ಸಲ್ಲುವದು. ಒಂದು ಬಣ್ಣವನ್ನು ಎಲ್ಲರ ಮೇಲೂ ಹೊದಿಸುವದಕ್ಕಿಂತ, ಆ ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಂಚುವದು ಮೇಲು. ಒಬ್ಬರ ಸೀರೆಯಲ್ಲಿರುವ ಬಣ್ಣವು ಇನ್ನೊಬ್ಬರ ದಡಿಯಲ್ಲಿಯೂ, ಮಗುವಿನ ರಿಬ್ಬನ್ನಿನಲ್ಲಿಯೂ, ಅಜ್ಜನವರ ಶಾಲಿನ ಅಂಚಿನಲ್ಲಿಯೂ ಒಂದೊಂದು ಎಳೆಯಾಗಿ ಕಾಣಿಸಿಕೊಂಡರೆ ಸಾಕು. ಕಣ್ಣು ಆ ಎಳೆಯನ್ನು ಹಿಡಿದು ಒಬ್ಬರಿಂದ ಒಬ್ಬರಿಗೆ ನಡೆಯುವದು. ಆದರೆ ಕಡುಗೆಂಪು ಬಟ್ಟೆ ಒಬ್ಬರ ಮೈಮೇಲೆ ಮಾತ್ರ ಇದ್ದರೆ, ಕಣ್ಣು ಅಲ್ಲಿಯೇ ನಿಂತುಬಿಡುವದು.

೪. ಯಾರಿಂದ ಆರಂಭಿಸಬೇಕು?

ಈ ಪಾಠದ ಮುಖ್ಯವಾದ ಮಾತು ಇದು. ಪಟದೊಳಗೆ ಯಾರು ಇದ್ದಾರೆಂಬದನ್ನು ನೋಡುವವರು ಬಲ್ಲರು; ಯಾರು ಇಲ್ಲವೆಂಬದನ್ನು ಮನೆಯವರು ಮಾತ್ರ ಬಲ್ಲರು. ಹಿಂದಿನ ಕಾಲದಲ್ಲಿ ಪರದೆಯ ಪದ್ಧತಿಯಿಂದ ಎಷ್ಟೋ ಮನೆಗಳ ಸ್ತ್ರೀಯರ ಮುಖಗಳು ಪಟದಲ್ಲಿ ಉಳಿಯಲೇ ಇಲ್ಲ. ಇದನ್ನು ಕಂಡು, ಪ್ರಖ್ಯಾತ ಛಾಯಾಚಿತ್ರಗಾರರಾದ ಲಾಲಾ ದೀನದಯಾಳರು ೧೮೯೨ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗೆಂದೇ ಒಂದು ಚಿತ್ರಶಾಲೆಯನ್ನು ತೆರೆದು, ಅದರ ಕೆಲಸವನ್ನು ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಆ ಪರದೆ ಈಗ ನಮ್ಮ ಮನೆಗಳಲ್ಲಿ ಇಲ್ಲ. ಆದರೂ ಮನೆಯವರಲ್ಲಿ ಒಬ್ಬರು ಹೊರಗೆ ಉಳಿಯುವದುಂಟು. ನಾವೇ ಮಾಡಿದ ಇಂಥದೊಂದು ತಪ್ಪನ್ನು ನಿಮ್ಮ ಮುಂದೆ ಇಡುವೆವು.

೧೯೯೨ರ ಬೇಸಿಗೆಯ ರಜೆ. ನಮಗೆ ಆಗ ೧೨ ವರ್ಷ. ಚಿಕ್ಕಪ್ಪನವರಿಗೆ ಗಂಡುಮಗು ಹುಟ್ಟಿ ಮನೆಯವರೆಲ್ಲ ಕೂಡಿದ್ದರು. ತಾಯಿಯವರಿಗೂ ಇಬ್ಬರು ಚಿಕ್ಕಮ್ಮಂದಿರಿಗೂ ಒಂದೇ ತರಹದ ಕಡುಗೆಂಪು ಸೀರೆಗಳನ್ನು ತಂದಿದ್ದರು. ನಮಗೂ ತಂಗಿಯರಿಗೂ ಅದೇ ಬಣ್ಣದ ಲಂಗಗಳು. ತಂದೆಯವರ ಅಕ್ಕ, ಅಂದರೆ ನಮ್ಮ ಸೋದರತ್ತೆಯವರು, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿನಲ್ಲಿ ಇದ್ದರು. ಮನೆಯ ಮಕ್ಕಳನ್ನೆಲ್ಲ ಎರೆದು ಬೆಳೆಸಿದ ಕೈಗಳು ಅವರವು. ಅವರಿಗೂ ಒಂದು ಸೀರೆ ತರಬೇಕೆಂಬದು ಯಾರ ಮನಸ್ಸಿಗೂ ಹೊಳೆದಿರಲಿಲ್ಲ. ಛಾಯಾಚಿತ್ರಗಾರರು ಬಂದ ಹೊತ್ತಿಗೆ ಅವರು ಒಗೆದು ಒಗೆದು ಮಾಸಿದ ನೀಲಿಯ ನೂಲಿನ ಇಲಕಲ್ ಸೀರೆಯನ್ನು ಉಟ್ಟು ಬಂದರು. ಆಗ, "ಅತ್ತೀ ಸೀರಿ ನೀಲಿ ಐತಿ, ನಮ್ಮ ಜೋಡಿ ಹೊಂದಂಗಿಲ್ಲ" ಎಂದು ಹೇಳಿದವರು ನಾವೇ. ದೊಡ್ಡವರು ಯಾರೂ ನಮ್ಮನ್ನು ಗದರಿಸಲಿಲ್ಲ. ಅತ್ತೆಯವರು ನಕ್ಕು, "ಕೂಸನ್ನ ನಗಸಾಕ ಒಬ್ಬರು ಬೇಕಲ್ಲ, ನಾ ಇಲ್ಲೇ ನಿಂದರತೇನಿ" ಎಂದು ಛಾಯಾಚಿತ್ರಗಾರರ ಪಕ್ಕಕ್ಕೆ ಹೋಗಿ ನಿಂತು ಚಪ್ಪಾಳೆ ತಟ್ಟಿದರು. ಕೂಸು ನಕ್ಕಿತು; ಕೂಸಿನ ಸಂಗಡ ನಾವೆಲ್ಲರೂ ನಕ್ಕೆವು. ಪಟ ಬಹಳ ಚೆನ್ನಾಗಿ ಬಂತೆಂದು ಎಲ್ಲರೂ ಹೊಗಳಿದರು.

೨೦೦೯ರಲ್ಲಿ ಅತ್ತೆಯವರು ತೀರಿಕೊಂಡರು. ಗೋಡೆಗೆ ಹಾಕಲು ಅವರ ಭಾವಚಿತ್ರವನ್ನು ಹುಡುಕಿದರೆ ಮನೆಯಲ್ಲಿ ಒಂದೂ ಇರಲಿಲ್ಲ. ಕಡೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದ ಹೆಬ್ಬೆರಳಿನಷ್ಟು ಚಿತ್ರವನ್ನು ದೊಡ್ಡದು ಮಾಡಿಸಿದೆವು. ಅದರಲ್ಲಿ ಕಣ್ಣುಗಳು ಸಹ ಸರಿಯಾಗಿ ಕಾಣುವದಿಲ್ಲ. ಆ ಕುಟುಂಬದ ಪಟವಾದರೋ ಈಗಲೂ ನಮ್ಮ ಬಳಿಯಲ್ಲಿದೆ. ಹದಿಮೂರು ಮಂದಿ ಇದ್ದೇವೆ; ಒಬ್ಬರೂ ಕ್ಯಾಮರಾವನ್ನು ನೋಡುತ್ತಿಲ್ಲ; ಎಲ್ಲರ ಕಣ್ಣುಗಳೂ ಸ್ವಲ್ಪ ಎಡಕ್ಕೆ, ಅತ್ತೆಯವರು ನಿಂತಿದ್ದ ಕಡೆಗೆ ತಿರುಗಿವೆ. ಮೊನ್ನೆ ಈ ಪಾಠವನ್ನು ಬರೆಯುವದಕ್ಕಾಗಿ ಅದನ್ನು ತೆಗೆದು ನೋಡಿದಾಗ, ಅಜ್ಜಿಯವರ ಸೀರೆಯ ದಡಿಯಲ್ಲಿ ನೀಲಿಯ ಒಂದು ಪಟ್ಟಿ ಇರುವದು ಕಂಡಿತು. ಕೂಸಿನ ಕುಲಾವಿಯೂ ನೀಲಿಯೇ. ಅತ್ತೆಯವರ ಸೀರೆ ಹೊಂದುತ್ತಿತ್ತು. ಹೊಂದದೆ ಇದ್ದರೂ ಅವರು ಇರಬೇಕಾಗಿತ್ತು.

ಆದುದರಿಂದ ನಾವು ಹೇಳುವ ನಿಯಮವಿದು: ಮನೆಯಲ್ಲಿ ಯಾರ ಹತ್ತಿರ ಆರಿಸಿಕೊಳ್ಳಲು ಎಲ್ಲರಿಗಿಂತ ಕಡಿಮೆ ಬಟ್ಟೆಗಳಿವೆಯೋ ಅವರಿಂದ ಆರಂಭಿಸಿರಿ. ಅವರು ಉಡುವ ಒಂದೇ ಸೀರೆಯ ಬಣ್ಣವು ಇಡೀ ಪಟದ ಮೂಲವಾಗಲಿ. ಪೆಟ್ಟಿಗೆಯಲ್ಲಿ ಹತ್ತು ಸೀರೆಗಳುಳ್ಳವರು ಆ ಬಣ್ಣಕ್ಕೆ ಹೊಂದುವದನ್ನು ತಮ್ಮ ಹತ್ತರಲ್ಲಿ ಹುಡುಕಿಕೊಳ್ಳಲಿ. ಹತ್ತು ಇದ್ದವರಿಗೆ ಬದಲಿಸುವದು ಸುಲಭ. ಒಂದು ಇದ್ದವರಿಗೆ ಸಾಧ್ಯವೇ ಇಲ್ಲ. ವಿಧವೆಯಾದ ಅತ್ತೆ, ಹಳ್ಳಿಯಿಂದ ಬಂದ ದೊಡ್ಡಪ್ಪ, ಕೆಲಸ ಸಿಕ್ಕದ ಚಿಕ್ಕಪ್ಪ, ಮನೆಯಲ್ಲಿಯೇ ಬೆಳೆದ ಅನಾಥ ಮಗು, ಇವರನ್ನು ಮೊದಲು ಕೇಳಿರಿ.

೫. ಆಯ್ಕೆಯ ಕ್ರಮ

ಇನ್ನು ಕೆಲಸದ ಕ್ರಮವನ್ನು ಹೇಳುವೆವು. ಪಟ ತೆಗೆಯಿಸುವ ದಿನಕ್ಕಿಂತ ಒಂದು ವಾರ ಮೊದಲೇ ಇದನ್ನು ಮಾಡಬೇಕು.

(ಅ) ಪಟದಲ್ಲಿ ಇರಬೇಕಾದವರ ಹೆಸರುಗಳನ್ನೆಲ್ಲ ಬರೆಯಿರಿ. ಬಟ್ಟೆಯ ವಿಚಾರಕ್ಕಿಂತ ಮೊದಲು ಈ ಪಟ್ಟಿ ಪೂರ್ಣವಾಗಲಿ.

(ಆ) ಮೇಲೆ ಹೇಳಿದಂತೆ ಮೂಲದ ಬಟ್ಟೆಯನ್ನು ಗೊತ್ತುಮಾಡಿರಿ. ಅದರ ಬಣ್ಣ, ಅದಕ್ಕೆ ಹೊಂದುವ ಇನ್ನೊಂದು ಬಣ್ಣ, ಇವೆರಡರ ನಡುವೆ ಶಾಂತವಾಗಿರುವ ಕೆನೆಬಣ್ಣ ಅಥವಾ ಬೂದಿಬಣ್ಣ, ಹೀಗೆ ಮೂರೇ ಸಾಕು.

(ಇ) ಎಲ್ಲರ ಬಟ್ಟೆಗಳನ್ನೂ ಒಂದು ಚಾಪೆಯ ಮೇಲೆ, ಅವರು ನಿಲ್ಲುವ ಕೂಡುವ ಸಾಲಿನಂತೆಯೇ ಹರವಿರಿ. ಕಣ್ಣುಗಳನ್ನು ಅರ್ಧ ಮುಚ್ಚಿ ನೋಡಿರಿ. ಯಾವ ಬಟ್ಟೆ ಮೊದಲು ಎದ್ದು ಕಾಣುವದೋ ಅದನ್ನು ಬದಲಿಸಿರಿ, ಅಥವಾ ಅದರ ಬಣ್ಣದ ಇನ್ನೊಂದು ಚೂರನ್ನು ಸಾಲಿನ ಇನ್ನೊಂದು ತುದಿಯಲ್ಲಿ ಸೇರಿಸಿರಿ.

(ಈ) ಮನೆಯ ಮೊಬೈಲಿನಿಂದ ಆ ಸಾಲಿನ ಚಿತ್ರವನ್ನು ತೆಗೆದು, ಅದನ್ನು ಕಪ್ಪು ಬಿಳುಪಿಗೆ ತಿರುಗಿಸಿ ನೋಡಿರಿ. ಎಲ್ಲವೂ ಒಂದೇ ಮಬ್ಬಾಗಿ ಕಂಡರೆ ಒಂದೆರಡು ಬಟ್ಟೆ ತಿಳಿಯಾಗಬೇಕು. ಒಂದು ಅಚ್ಚ ಬಿಳುಪಾಗಿಯೂ ಪಕ್ಕದ್ದು ಅಚ್ಚ ಕಪ್ಪಾಗಿಯೂ ಕಂಡರೆ ಅವುಗಳನ್ನು ದೂರ ಮಾಡಬೇಕು.

(ಉ) ಹಿಂದಿನ ಗೋಡೆ ಅಥವಾ ಪರದೆಯ ಬಣ್ಣವನ್ನು ಮರೆಯಬೇಡಿರಿ. ಹಸಿರು ತೋಟದ ಮುಂದೆ ಹಸಿರು ಸೀರೆ ಉಟ್ಟವರು ಎಲೆಗಳಲ್ಲಿ ಕರಗಿ, ತಲೆ ಮಾತ್ರ ತೇಲುವಂತೆ ಕಾಣುವರು.

(ಊ) ಮುಂದಿನ ಸಾಲಿನಲ್ಲಿ ಕೂಡುವವರ ಪಾದಗಳು ಕಾಣುವವು. ಲಂಗ, ಪ್ಯಾಂಟು, ನಿರಿಗೆಗಳು ಕೂತಾಗ ಎಷ್ಟು ಮೇಲೇರುವವೆಂಬದನ್ನು ಕೂತೇ ನೋಡಿರಿ. ಎಲ್ಲರೂ ಬರಿಗಾಲಲ್ಲಿ ಇರುವದು ಒಂದು ಬಗೆ. ಎಲ್ಲರೂ ಮೆಟ್ಟಿಕೊಳ್ಳುವದು ಇನ್ನೊಂದು ಬಗೆ. ಎರಡೂ ಸರಿಯೇ, ಬೆರಕೆ ಮಾತ್ರ ಬೇಡ.

೬. ಆ ದಿನದ ಬೆಳಿಗ್ಗೆ

ಹೊಸ ಬಟ್ಟೆಯನ್ನು ಮೊದಲೊಮ್ಮೆ ಒಗೆದು ಮಕ್ಕಳಿಗೆ ತೊಡಿಸಿ ನೋಡಿರಿ. ಗಂಜಿ ಹಾಕಿದ ಅಂಗಿಯ ಕೊರಳು ಚುಚ್ಚಿದರೆ ಮಗು ಅಳುವದು, ಅದನ್ನು ಯಾವ ಛಾಯಾಚಿತ್ರಗಾರನೂ ನಗಿಸಲಾರನು. ಚಿಕ್ಕವರಿಗೆ ಊಟವಾದ ಮೇಲೆ, ಕಡೆಯ ಗಳಿಗೆಯಲ್ಲಿ ಬಟ್ಟೆ ಬದಲಿಸಿರಿ. ಇಸ್ತ್ರಿ, ಗುಂಡಿ, ಸೂಜಿದಾರ, ಪಿನ್ನುಗಳು ಹಿಂದಿನ ರಾತ್ರಿಯೇ ಸಿದ್ಧವಾಗಿರಲಿ. ಗಂಡಸರ ಜೇಬಿನಲ್ಲಿ ಉಬ್ಬುವ ಮೊಬೈಲು, ಕೀಲಿಕೈಗಳನ್ನು ತೆಗೆಯಿಸಿರಿ. ಅಜ್ಜಿಯವರು ಕನ್ನಡಕವನ್ನು ದಿನಾಲು ಹಾಕುವವರಾದರೆ ಅದನ್ನು ತೆಗೆಯಿಸಬೇಡಿರಿ. ಮುಖವನ್ನು ಸ್ವಲ್ಪ ಕೆಳಗೆ ಮಾಡಿದರೆ ಗಾಜಿನ ಹೊಳಪು ಕಡಿಮೆಯಾಗುವದು. ಬಟ್ಟೆಯ ಚಿಂತೆ ಮನೆಯಲ್ಲಿಯೇ ಮುಗಿದಿರಲಿ. ಕ್ಯಾಮರಾದ ಮುಂದೆ ನಿಂತ ಮೇಲೆ ಒಬ್ಬರ ಸೆರಗನ್ನು ಒಬ್ಬರು ಟೀಕಿಸಿದರೆ ಆ ಬೇಸರವು ಮುಖದಲ್ಲಿ ಮೂಡುವದು.

ಕಡೆಯದಾಗಿ, ಛಾಯಾಚಿತ್ರಗಾರನು "ಎಲ್ಲರೂ ಬಂದರೇ?" ಎಂದು ಕೇಳುವನು. ಆಗ ಉತ್ತರ ಹೇಳುವ ಮೊದಲು ಒಮ್ಮೆ ಹಿಂದೆ ಮುಂದೆ ನೋಡಿರಿ. ಬಾಗಿಲ ಬಳಿಯಲ್ಲಿಯೋ, ಅಡಿಗೆಮನೆಯಲ್ಲಿಯೋ, ಕ್ಯಾಮರಾದ ಪಕ್ಕದಲ್ಲಿಯೋ ಯಾರಾದರೂ ನಗುತ್ತ ನಿಂತಿದ್ದರೆ, ಕೈ ಹಿಡಿದು ಕರೆತನ್ನಿರಿ. ಕೂಸು ನಗದಿದ್ದರೆ ಅಡ್ಡಿಯಿಲ್ಲ.

ಅಭ್ಯಾಸ

೧. ಕಿಟಕಿಯ ಬೆಳಕಿನಲ್ಲಿ ಗೆಳತಿಯ ಗದ್ದದ ಕೆಳಗೆ ಮೊದಲು ಅಚ್ಚ ಹಳದಿ ಬಟ್ಟೆಯನ್ನು, ಆಮೇಲೆ ಹಸಿರು ಬಟ್ಟೆಯನ್ನು ಹಿಡಿಯಿರಿ. ಮುಖದಲ್ಲಿ ಆಗುವ ಬದಲಾವಣೆಯನ್ನು ಬರೆಯಿರಿ.

೨. ಮನೆಯಲ್ಲಿರುವ ಕಪ್ಪು ಬಿಳುಪಿನ ಹಳೆಯ ಪಟವೊಂದನ್ನು ಹಿರಿಯರಿಗೆ ತೋರಿಸಿ, ಅದರಲ್ಲಿಯ ಬಟ್ಟೆಗಳ ನಿಜವಾದ ಬಣ್ಣಗಳನ್ನು ಕೇಳಿ ತಿಳಿದು, ಪಟದ ಬೆನ್ನಿಗೆ ಒಂದು ಕಾಗದವನ್ನು ಲಗತ್ತಿಸಿ ಅದರ ಮೇಲೆ ಬರೆದಿಡಿರಿ.

೩. ಆ ಪಟದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಏಕೆ ಇಲ್ಲವೆಂಬದನ್ನು ವಿಚಾರಿಸಿರಿ.

೪. ನಿಮ್ಮ ಮನೆಯಲ್ಲಿ ಯಾರ ಹತ್ತಿರ ಎಲ್ಲರಿಗಿಂತ ಕಡಿಮೆ ಬಟ್ಟೆಗಳಿವೆ? ಈ ಪ್ರಶ್ನೆಯ ಉತ್ತರವನ್ನು ತರಗತಿಯಲ್ಲಿ ಓದಬೇಡಿರಿ, ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.